ಆಟಿಯಲ್ಲಿ ಎಲ್ಲಿಯ ಬಂಗುಡೆ?

ಜುಲೈ ಕೊನೆಯ ಒಂದು ಭಾನುವಾರ, ಪಶ್ಚಿಮ ಲಂಡನ್ನಿನ ಹೇಸ್‌ನಲ್ಲಿ, ಅಕ್ಸ್‌ಬ್ರಿಜ್ ರಸ್ತೆಯ ಅಂಗಡಿಯೊಂದರಿಂದ ಒಂದು ಕಿಲೋ ಬಂಗುಡೆ ತಂದಿದ್ದೆ. ದೂರವಾಣಿಯಲ್ಲಿ ಅದನ್ನು ಹೇಳಿದಾಗ ಉಡುಪಿಯಿಂದ ಅಮ್ಮ ಕೇಳಿದರು: “ಆಟಿಯಲ್ಲಿ ನಿನಗೆಲ್ಲಿಯ ಬಂಗುಡೆ ಮಾರಾಯ್ತಿ?”

ಪ್ರಶ್ನೆ ನ್ಯಾಯವಾದದ್ದೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಮನೆಗಳಲ್ಲಿ ಒಣ ಸಿಗಡಿಯ ಚಟ್ನಿಗೆ ಮರ್ಯಾದೆ ಬರುತ್ತದೆ. ಹೇಸ್‌ನ ಫ್ರೀಜರಿಗೆ ಮಾತ್ರ ಆಟಿಯೂ ಇಲ್ಲ, ಸೋಣವೂ ಇಲ್ಲ.

ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿ ಬೇಗನೆ ಹೆಪ್ಪುಗಟ್ಟಿಸಿದ ಮೀನು ಮೈನಸ್ 18ರಲ್ಲಿ ತಿಂಗಳುಗಟ್ಟಲೆ ಕೆಡದು. ಗುಟ್ಟೆಲ್ಲ ವೇಗದಲ್ಲಿದೆ. ಹೆಪ್ಪುಗಟ್ಟುವುದು ನಿಧಾನವಾದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಮಾಂಸದ ಎಳೆಗಳನ್ನು ಸೀಳುತ್ತವೆ. ಕರಗಿಸಿದಾಗ ನೀರು ಸೋರಿ ಮೀನು ಹತ್ತಿಯಂತಾಗುತ್ತದೆ. ಮೈ ಒಣಗದಿರಲೆಂದು ಮೇಲೊಂದು ತೆಳುವಾದ ಮಂಜಿನ ಲೇಪವಿರುತ್ತದೆ. ಅದನ್ನು ಬಿಟ್ಟೇ ನಿವ್ವಳ ತೂಕ ಹೇಳಬೇಕೆಂಬುದು ಇಲ್ಲಿನ ನಿಯಮ. ಹಾಗಿದ್ದರೂ ಒಮ್ಮೆ ನಾನು ತಂದ ಪೊಟ್ಟಣವೊಂದರಲ್ಲಿ ಮೀನಿಗಿಂತ ಮಂಜೇ ಹೆಚ್ಚಿತ್ತೆಂಬ ಸಂಶಯ ನನಗಿನ್ನೂ ಇದೆ. ಹೀಥ್ರೂ ವಿಮಾನಗಳು ನಮ್ಮ ಮಾಡಿನ ಸಮೀಪದಲ್ಲೇ ಹಾರಿದರೂ ಈ ಮೀನು ಬರುವುದು ಹಡಗಿನಲ್ಲಿ. ವಿಮಾನದ ಬಾಡಿಗೆ ಹೊರುವ ಶಕ್ತಿ ಬಂಗುಡೆಗಿಲ್ಲ.

ಅದರೊಡನೆ ಕಾಗದಪತ್ರಗಳೂ ಬರುತ್ತವೆ. ಅಕ್ರಮ ಮೀನುಗಾರಿಕೆಯನ್ನು ತಡೆಯಲೆಂದು ಐರೋಪ್ಯ ಒಕ್ಕೂಟ 2010ರಲ್ಲಿ ಜಾರಿಗೆ ತಂದ ಹಿಡುವಳಿ ಪ್ರಮಾಣಪತ್ರವನ್ನು ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಕೇಳುತ್ತದೆ. ಅಂದರೆ ನನ್ನ ಕೈಯ ಪೊಟ್ಟಣವನ್ನು ಕಡಲಿನವರೆಗೆ ಹಿಂಬಾಲಿಸುವ ದಾಖಲೆ ಎಲ್ಲೋ ಒಂದು ಕಡತದಲ್ಲಿದೆ. ಕೊಳ್ಳುವ ನನಗೆ ಕಾಣುವುದು “ಭಾರತದ ಉತ್ಪನ್ನ” ಎಂಬ ಎರಡೇ ಪದ. ಮಲ್ಪೆಯದೋ, ವೆರಾವಲಿನದೋ?

ಊರಿನಲ್ಲಿ ನಾವು ಮದಿಮಾಲ್ ಎನ್ನುವ, ಮದುಮಗಳಂತೆ ಕೆಂಪೇರಿದ ಮೀನಿಗಂತೂ ಹೆಸರೇ ಉಳಿಯುವುದಿಲ್ಲ. ಕರಾವಳಿಯ ಕಾರ್ಖಾನೆಗಳಲ್ಲಿ ಅದನ್ನು ಅರೆದು, ತೊಳೆದು, ಸುರಿಮಿ ಎಂಬ ಬಿಳಿಯ ಮುದ್ದೆಯಾಗಿಸಿ ಜಪಾನ್, ಥಾಯ್ಲೆಂಡ್ ಮೊದಲಾದ ದೇಶಗಳಿಗೆ ಕಳುಹಿಸುತ್ತಾರೆ. ಇಂಥ ಮುದ್ದೆಯಿಂದಲೇ ಏಡಿಯ ರುಚಿಯ ಕಡ್ಡಿಗಳಾಗುತ್ತವೆ. ಇಲ್ಲಿನ ಮಕ್ಕಳು ಅದನ್ನು ಏಡಿಯೆಂದೇ ತಿನ್ನುತ್ತಾರೆ. ನನ್ನ ಮಗಳೂ ಸಹ.

“ಕಿವಿರು ಎತ್ತಿ ನೋಡಿದೆಯಾ?” ಎಂದು ಅಮ್ಮ ವಿಚಾರಿಸಿದರು. ಕಲ್ಲಿನಂತಾದ ಮೀನಿನ ಕಿವಿರು ಏಳುವುದಿಲ್ಲವಮ್ಮಾ ಎಂದು, ಪೊಟ್ಟಣದ ಮೇಲಿದ್ದ ದಿನಾಂಕವನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹುಳಿ ಒಂದಿಷ್ಟು ಜಾಸ್ತಿ ಹಾಕು” ಎಂದರು.