ಯುದ್ಧವಿಮಾನಗಳ ಖರೀದಿ ಮತ್ತು ಸಣ್ಣ ಉದ್ದಿಮೆಯ ದುಡಿಯುವ ಬಂಡವಾಳ

2025ರ ಸೆಪ್ಟೆಂಬರ್ 25ರಂದು ರಕ್ಷಣಾ ಸಚಿವಾಲಯವು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೊಡನೆ 97 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳ ಖರೀದಿಗೆ ಒಪ್ಪಂದ ಮಾಡಿಕೊಂಡಿತು. ತೆರಿಗೆಗಳನ್ನು ಹೊರತುಪಡಿಸಿ ಇದರ ಮೊತ್ತ 62,370 ಕೋಟಿ ರೂಪಾಯಿಗಳಿಗೂ ಅಧಿಕ. ಮರುದಿನವೇ ಚಂಡೀಗಢದಲ್ಲಿ ಮಿಗ್-21 ವಿಮಾನಗಳು ಆರು ದಶಕಗಳ ಸೇವೆಯಿಂದ ನಿವೃತ್ತಿ ಹೊಂದಿದವು. ವಾಯುಪಡೆಗೆ ಮಂಜೂರಾಗಿರುವ 42 ಸ್ಕ್ವಾಡ್ರನ್‌ಗಳ ಪೈಕಿ ಆಗ ಉಳಿದವು 29. ಆದ್ದರಿಂದ ಖರೀದಿಯ ಅವಶ್ಯಕತೆಯ ಬಗ್ಗೆ ಹೆಚ್ಚು ವಿವರಣೆ ಬೇಕಾಗಿಲ್ಲ. ಈ ಹಣದಲ್ಲಿ ಸಣ್ಣ ಉತ್ಪಾದಕನ ಖಾತೆಗೆ ಏನಾದರೂ ಬರುವುದಾದರೆ ಅದು ಎಷ್ಟು ಕಾಲಕ್ಕೆ, ಯಾವ ಷರತ್ತಿನ ಮೇಲೆ ಬರುತ್ತದೆ ಎಂಬುದೇ ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಉದ್ದಿಮೆದಾರರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೊದಲನೆಯದಾಗಿ, ಪತ್ರಿಕೆಯಲ್ಲಿ ಬರುವ ಘೋಷಣೆಯೇ ಖರೀದಿ ಆದೇಶವಲ್ಲ. ಮಾಹಿತಿ ಕೋರಿಕೆ, ಅವಶ್ಯಕತೆಯ ಅಂಗೀಕಾರ, ಟೆಂಡರ್, ಹಾರಾಟ ಪರೀಕ್ಷೆ, ದರದ ಮಾತುಕತೆ, ಸಚಿವ ಸಂಪುಟದ ಭದ್ರತಾ ಸಮಿತಿಯ ಒಪ್ಪಿಗೆ, ಇವೆಲ್ಲ ಮುಗಿದ ಬಳಿಕವೇ ಸಹಿ. 2007ರ ಆಗಸ್ಟ್‌ನಲ್ಲಿ 126 ವಿಮಾನಗಳಿಗೆ ಟೆಂಡರ್ ಕರೆಯಲಾಯಿತು. ಅವುಗಳಲ್ಲಿ 108 ಹಿಂದುಸ್ತಾನ್ ಏರೋನಾಟಿಕ್ಸ್‌ನಲ್ಲಿಯೇ ತಯಾರಾಗಬೇಕಿತ್ತು. 2012ರ ಜನವರಿಯಲ್ಲಿ ರಫೇಲ್ ಕನಿಷ್ಠ ದರದ್ದೆಂದು ಆಯ್ಕೆಯಾಯಿತು, ಆದರೆ ಒಪ್ಪಂದ ಕೂಡಿಬರಲಿಲ್ಲ. ಕೊನೆಗೆ 2016ರ ಸೆಪ್ಟೆಂಬರ್‌ನಲ್ಲಿ ಸಹಿಯಾದದ್ದು ಫ್ರಾನ್ಸ್‌ನಲ್ಲಿ ತಯಾರಾಗಿ ಹಾರಿಬರುವ 36 ವಿಮಾನಗಳಿಗೆ ಮಾತ್ರ. ಆ 108ರ ಲೆಕ್ಕ ಹಿಡಿದು ಸಾಲ ತೆಗೆದು ಯಂತ್ರ ಕೊಂಡವನಿದ್ದರೆ, ಅವನು ಒಂಬತ್ತು ವರ್ಷ ಕಾದರೂ ಒಂದು ಆದೇಶವೂ ಬರುತ್ತಿರಲಿಲ್ಲ.

ಸಹಿಯಾದ ನಂತರವೂ ಕಾಲ ಕೈಕೊಡುವುದುಂಟು. ತೇಜಸ್ ಮಾರ್ಕ್-1ಎ ವಿಮಾನದ ಮೊದಲ ಒಪ್ಪಂದವು 2021ರ ಫೆಬ್ರವರಿಯಲ್ಲಿ 83 ವಿಮಾನಗಳಿಗೆ ಆಯಿತು. ವಿತರಣೆ 2024ರಲ್ಲಿ ಆರಂಭವಾಗಬೇಕಿತ್ತು. ಅಮೆರಿಕದ ಜಿಇ ಕಂಪನಿಯಿಂದ ಬರಬೇಕಾದ ಎಫ್-404 ಎಂಜಿನ್‌ಗಳಲ್ಲಿ ಮೊದಲನೆಯದು ಹೊರಬಂದದ್ದೇ 2025ರ ಮಾರ್ಚ್‌ನಲ್ಲಿ. (ಆಯುಧಕ್ಕಾಗಿ ಹೊರಗಿನ ಜ್ಞಾನವನ್ನು ಅವಲಂಬಿಸುವುದು ಹೊಸತೇನಲ್ಲ. ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನೂ ತುರ್ಕಿ ಮೂಲದ ತಜ್ಞನೇ.) ಎಂಜಿನ್ ಇಲ್ಲದೆ ವಿಮಾನ ನಿಂತರೆ ಉಳಿದ ಬಿಡಿಭಾಗಗಳ ಬೇಡಿಕೆಯೂ ಮುಂದಕ್ಕೆ ಹೋಗುವುದು ಸಹಜ.

ಹೊಸ ಒಪ್ಪಂದದಲ್ಲಿ ದೇಶೀಯ ಅಂಶ ಶೇಕಡಾ 64ಕ್ಕಿಂತ ಹೆಚ್ಚಿರುವುದೆಂದೂ, ಸುಮಾರು 105 ಭಾರತೀಯ ಕಂಪನಿಗಳು ನೇರವಾಗಿ ಬಿಡಿಭಾಗ ತಯಾರಿಸುವುವೆಂದೂ ಸರ್ಕಾರ ತಿಳಿಸಿದೆ. ರೆಕ್ಕೆಗಳನ್ನು ಕೊಯಮತ್ತೂರಿನಲ್ಲಿ ಎಲ್ ಅಂಡ್ ಟಿ, ಮಧ್ಯಭಾಗವನ್ನು ಹೈದರಾಬಾದಿನ ವಿಇಎಂ ಟೆಕ್ನಾಲಜೀಸ್, ಹಿಂಭಾಗವನ್ನು ಬೆಂಗಳೂರಿನ ಆಲ್ಫಾ ಟೋಕಾಲ್ ಒದಗಿಸುತ್ತವೆ. ಟ್ರ್ಯಾಕ್ಟರ್, ಪಂಪ್‌ಸೆಟ್, ದಾಲ್ ಮಿಲ್‌ಗಳ ಭಾಗಗಳನ್ನು ಮಾಡಿಕೊಡುವ ಲೇತ್ ಕಾರ್ಖಾನೆಯು ಇಂತಹ ಕಂಪನಿಗಳ ಕೆಳಗೆ ಮೂರನೆಯ ಅಥವಾ ನಾಲ್ಕನೆಯ ಮೆಟ್ಟಿಲಿನಲ್ಲಿ ಬುಷ್, ಬ್ರಾಕೆಟ್, ಜಿಗ್‌ಗಳಂತಹ ಕೆಲಸ ನಿರೀಕ್ಷಿಸಬಹುದು. ಅದಕ್ಕೂ ಗುಣಮಟ್ಟದ ಪ್ರಮಾಣಪತ್ರ ಬೇಕು, ಪ್ರತಿ ಲೋಹದ ಸರಳೂ ಯಾವ ಎರಕದ್ದೆಂಬ ದಾಖಲೆ ಬೇಕು.

ಇಲ್ಲಿ ತಿಕೋಟಾದ ಒಣದ್ರಾಕ್ಷಿ ವ್ಯಾಪಾರದೊಡನೆ ಹೋಲಿಸಿ ನೋಡುವುದು ಉಪಯುಕ್ತ. ಬೇಸಿಗೆಯಲ್ಲಿ ಒಣಗಿಸಿದ ಮಾಲನ್ನು ಶೀತಲಗೃಹದಲ್ಲಿಟ್ಟು ತಿಂಗಳುಗಟ್ಟಲೆ ಕಾಯುವುದು ಆ ವ್ಯಾಪಾರಸ್ಥರಿಗೆ ವಾಡಿಕೆ. ಆದರೆ ಒಣದ್ರಾಕ್ಷಿಗೆ ಕೊಳ್ಳುವವರು ಹಲವರು. ವಿಜಯಪುರದಲ್ಲಿ ದರ ಬಾರದಿದ್ದರೆ ತಾಸಗಾಂವ್ ಅಥವಾ ಸಾಂಗ್ಲಿ ಇದೆ. ರಸೀದಿಯ ಮೇಲೆ ಬ್ಯಾಂಕ್ ಸಾಲವೂ ದೊರೆಯುತ್ತದೆ. ನಕ್ಷೆಗೆ ತಕ್ಕಂತೆ ಕೊರೆದ ವಿಮಾನದ ಬುಷ್‌ಗೆ ಕೊಳ್ಳುವವನು ಒಬ್ಬನೇ. ಅವನು ತಿರಸ್ಕರಿಸಿದರೆ ಅದರ ಬೆಲೆ ಗುಜರಿಯ ತೂಕದ ಬೆಲೆ.

ಒಂದು ಕಾಲ್ಪನಿಕ ಲೆಕ್ಕ: ತಿಂಗಳಿಗೆ 4 ಲಕ್ಷ ರೂಪಾಯಿಗಳ ಆದೇಶ, ಲೋಹಕ್ಕೆ 2 ಲಕ್ಷ, ಕೂಲಿ, ವಿದ್ಯುತ್ ಮುಂತಾದವಕ್ಕೆ 1 ಲಕ್ಷ, ಉಳಿತಾಯ 1 ಲಕ್ಷ. ಲೋಹವನ್ನು ನಗದು ಕೊಟ್ಟು ಒಂದು ತಿಂಗಳು ಮೊದಲೇ ತರಬೇಕು, ತಯಾರಿಕೆ ಮತ್ತು ತಪಾಸಣೆಗೆ ಇನ್ನೊಂದು ತಿಂಗಳು, ಹಣ ಬರಲು 45 ದಿನ. ಲೋಹದಲ್ಲಿ ಮೂರೂವರೆ ತಿಂಗಳ ಹಣ, ಅಂದರೆ 7 ಲಕ್ಷ, ಕೂಲಿಯಲ್ಲಿ ಸರಾಸರಿ ಎರಡು ತಿಂಗಳ 2 ಲಕ್ಷ, ಒಟ್ಟು 9 ಲಕ್ಷ ಸದಾ ತೊಡಗಿರುತ್ತದೆ. 45 ದಿನಗಳ ಬದಲು 120 ದಿನಗಳಾದರೆ ಮತ್ತೆ ಏಳೂವರೆ ಲಕ್ಷ ಬೇಕು. ಶೇಕಡಾ 11ರಂತೆ ಹೆಚ್ಚುವರಿ ಬಡ್ಡಿ ವರ್ಷಕ್ಕೆ 82,500. ಇದನ್ನು ಲಾಭದಲ್ಲಿ ಸಹಿಸಬಹುದು. ಆ ಏಳೂವರೆ ಲಕ್ಷದ ಮೂಲ ಎಲ್ಲಿಂದ ಬರಬೇಕು ಎಂಬಲ್ಲಿಯೇ ಸಣ್ಣ ಘಟಕಗಳು ಎಡವುತ್ತವೆ.

ಈ ವಿಷಯದಲ್ಲಿ ಕಾನೂನಿನ ಆಸರೆ ಇದೆ, ಆದರೆ ಎಲ್ಲರಿಗೂ ಇಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಕರಾರಿದ್ದರೂ 45 ದಿನಗಳನ್ನು ಮೀರುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯಿಂದಾಗಿ, ತಡಮಾಡಿದ ಖರೀದಿದಾರನಿಗೆ ಆ ವೆಚ್ಚದ ಕಡಿತ ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ದೊರೆಯುತ್ತದೆ. ಈ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಹಾಗೂ ಸೇವಾ ಘಟಕಗಳಿಗೆ ಸೀಮಿತ. ಮಧ್ಯಮ ಘಟಕಗಳಿಗೆ ಅನ್ವಯಿಸದು. 2021ರ ಜುಲೈ ಆದೇಶದಂತೆ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳು ಉದ್ಯಮ್ ನೋಂದಣಿ ಪಡೆಯಬಹುದಾದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ. ಕಬ್ಬಿಣ, ಅಲ್ಯೂಮಿನಿಯಂ ಸರಳುಗಳನ್ನು ಕೊಂಡು ಮಾರುವ ವ್ಯಾಪಾರಿಯು 45 ದಿನಗಳ ಹಕ್ಕನ್ನು ನಂಬಿ ಉದ್ರಿ ಕೊಡುವಂತಿಲ್ಲ. ಅವನಿಗೆ ಕರಾರು ಪತ್ರವೇ ಆಧಾರ.

ಉತ್ಪಾದಕನು ಗಮನಿಸಬೇಕಾದ ಸೂಕ್ಷ್ಮವೊಂದಿದೆ. 45 ದಿನಗಳ ಎಣಿಕೆ ಬಿಲ್ಲಿನ ದಿನಾಂಕದಿಂದಲ್ಲ, ಮಾಲನ್ನು ಅಂಗೀಕರಿಸಿದ ದಿನದಿಂದ. ತಲುಪಿಸಿದ 15 ದಿನಗಳೊಳಗೆ ಖರೀದಿದಾರನು ಬರಹದಲ್ಲಿ ಆಕ್ಷೇಪಿಸದಿದ್ದರೆ ತಲುಪಿಸಿದ ದಿನವೇ ಅಂಗೀಕಾರದ ದಿನ. ಆಕ್ಷೇಪಿಸಿದರೆ, ಆ ಆಕ್ಷೇಪಣೆ ನಿವಾರಣೆಯಾದ ದಿನ. ತಪಾಸಣೆಯೇ ಪ್ರಧಾನವಾದ ಈ ಕ್ಷೇತ್ರದಲ್ಲಿ ಒಂದು ಸಣ್ಣ ಟಿಪ್ಪಣಿಯೂ ಎಣಿಕೆಯನ್ನು ತಿಂಗಳುಗಟ್ಟಲೆ ತಡೆಹಿಡಿಯಬಹುದು. ಆದ್ದರಿಂದ ತಪಾಸಣೆ ಎಲ್ಲಿ, ಯಾರಿಂದ, ಎಷ್ಟು ದಿನಗಳೊಳಗೆ ಆಗಬೇಕೆಂಬುದನ್ನು ಖರೀದಿ ಆದೇಶದಲ್ಲಿಯೇ ಬರೆಸಿಕೊಳ್ಳಬೇಕು, ಸಾಧ್ಯವಾದರೆ ಮಾಲು ಹೊರಡುವ ಮೊದಲು ತನ್ನ ಕಾರ್ಖಾನೆಯಲ್ಲಿಯೇ ತಪಾಸಣೆ ಮುಗಿಸಿಕೊಳ್ಳಬೇಕು, ಮತ್ತು ತಲುಪಿದ ದಿನದ ಸಹಿ-ಮುದ್ರೆಯಿರುವ ಚಲನ್ ಪ್ರತಿಯನ್ನು ಬಿಲ್ಲಿನೊಡನೆ ಕಡತದಲ್ಲಿಡಬೇಕು.