ಗುಂಡಿಗೆಯನ್ನು ಕಾಡದ ಉಬ್ಬಸದ ಮದ್ದು

1960ರ ದಶಕದ ಇಂಗ್ಲೆಂಡಿನಲ್ಲಿ ಉಬ್ಬಸದವರ ಕೈಯಲ್ಲಿದ್ದದ್ದು ಐಸೊಪ್ರೆನಲಿನ್ ಸ್ಪ್ರೇ. ಉಸಿರು ಸಲೀಸಾಗುತ್ತಿತ್ತು, ಜೊತೆಗೆ ಗುಂಡಿಗೆಯೂ ಡವಗುಟ್ಟುತ್ತಿತ್ತು. ಪರಿಣಾಮ ಬೇಗ ಇಳಿಯುತ್ತಿದ್ದುದರಿಂದ ಮತ್ತೆ ಮತ್ತೆ ಸೇದಬೇಕಿತ್ತು. ಉಬ್ಬಸದ ಸಾವುಗಳು ಏರಿದಾಗ ಎಲ್ಲರ ಅನುಮಾನ ಈ ಸ್ಪ್ರೇಗಳ ಮೇಲೇ ಬಿತ್ತು.

ವೇರ್ ಎಂಬ ಊರಿನಲ್ಲಿದ್ದ ಅಲೆನ್ ಅಂಡ್ ಹ್ಯಾನ್ಬರಿಸ್ ಕಂಪನಿಯಲ್ಲಿ ಡೇವಿಡ್ ಜ್ಯಾಕ್ ಅವರ ತಂಡ ಆ ಅಣುವನ್ನೇ ತಿದ್ದಲು ಕೂತಿತು. ಐಸೊಪ್ರೆನಲಿನ್‌ನ ಉಂಗುರದಲ್ಲಿ ಎರಡು ಹೈಡ್ರಾಕ್ಸಿಲ್ ಗುಂಪುಗಳು ಅಕ್ಕಪಕ್ಕ ಇರುತ್ತವೆ. ದೇಹದ ಕಿಣ್ವವೊಂದು ಅವುಗಳಲ್ಲಿ ಒಂದನ್ನು ಹಿಡಿದು ಮದ್ದನ್ನು ಕೆಡಿಸುತ್ತದೆ. ತಂಡ ಆ ಒಂದರ ಜಾಗಕ್ಕೆ ಹೈಡ್ರಾಕ್ಸಿಮೀಥೈಲ್ ಗುಂಪನ್ನು ತಂದಿತು. ಕೀಲಿ ಬದಲಾದ ಬೀಗದ ಮುಂದೆ ನಿಂತಂತಾಯಿತು ಕಿಣ್ವದ ಪಾಡು. ಬಾಲದ ತುದಿಗೆ ದಪ್ಪನೆಯ ಬ್ಯೂಟೈಲ್ ಗುಂಪು ಸೇರಿದಾಗ ಮದ್ದು ಶ್ವಾಸನಾಳವನ್ನು ಸಡಿಲಿಸಿತು, ಹೃದಯವನ್ನು ಬಹುಮಟ್ಟಿಗೆ ತನ್ನಷ್ಟಕ್ಕೆ ಬಿಟ್ಟಿತು. ಇಷ್ಟು ಸಣ್ಣ ತಿದ್ದುಪಡಿಯಿಂದ ಇಷ್ಟು ಜನ ಬದುಕಿದ್ದು ಔಷಧ ಚರಿತ್ರೆಯಲ್ಲೇ ಅಪರೂಪ. 1966ರಲ್ಲಿ ಸಿದ್ಧವಾದ ಈ ಸಾಲ್ಬ್ಯುಟಮಾಲ್ 1969ರಲ್ಲಿ ವೆಂಟೊಲಿನ್ ಆಗಿ ಮಾರುಕಟ್ಟೆಗೆ ಬಂತು. ನಮ್ಮ ಔಷಧಿ ಅಂಗಡಿಗಳ ಅಸ್ತಾಲಿನ್ ಕೂಡ ಇದೇ.

ಈ ಮದ್ದು ಸೇದುವ ಉಬ್ಬಸದವರು ಸೈಕಲ್ ಪಂದ್ಯಗಳಲ್ಲೂ ಇದ್ದಾರೆ. ತಣ್ಣನೆಯ ಒಣ ಗಾಳಿಯನ್ನು ಗಂಟೆಗಟ್ಟಲೆ ಎಳೆದುಕೊಂಡರೆ ಶ್ವಾಸನಾಳ ಬಿಗಿಯುತ್ತದೆ. ಆದರೆ ಈ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ನುಂಗಿದರೆ ಸ್ನಾಯುಬಲ ಹೆಚ್ಚೀತೆಂಬ ಶಂಕೆಯಿದೆ. ಅದಕ್ಕೇ ಉದ್ದೀಪನ ಮದ್ದು ತಡೆಯುವ ಸಂಸ್ಥೆ ವಾಡಾ, ಸೇದುವುದಕ್ಕೆ 24 ಗಂಟೆಗೆ 1600 ಮೈಕ್ರೊಗ್ರಾಂ ಮಿತಿ ಇಟ್ಟಿದೆ. ಸಾಮಾನ್ಯ ಇನ್ಹೇಲರ್‌ನಲ್ಲಿ ಅದು 16 ಪಫ್. ಮೂತ್ರದಲ್ಲಿ ಮಿಲಿಲೀಟರಿಗೆ 1000 ನ್ಯಾನೊಗ್ರಾಂ ದಾಟಿದರೆ ಸವಾರ ಉತ್ತರ ಕೊಡಬೇಕು.

ತೊಡಕಿರುವುದು ಇಲ್ಲೇ. ಎಷ್ಟು ಸೇದಿದರೆ ಮೂತ್ರದಲ್ಲಿ ಎಷ್ಟು ಕಾಣುತ್ತದೆ ಎಂಬುದು ಎಲ್ಲರಲ್ಲೂ ಒಂದೇ ಅಲ್ಲ. ಬೆವರಿ ನೀರು ಬತ್ತಿದ ದೇಹದಲ್ಲಿ ಮೂತ್ರ ಗಟ್ಟಿಯಾಗಿ ಅಂಕಿ ಏರುತ್ತದೆ. 2007ರ ಜಿರೊ ಸೈಕಲ್ ಪಂದ್ಯದಲ್ಲಿ ಇಟಲಿಯ ಅಲೆಸ್ಸಾಂಡ್ರೊ ಪೆಟಾಕಿಯ ಮೂತ್ರದಲ್ಲಿ ಮಿತಿ ಮೀರಿದ ಪ್ರಮಾಣ ಸಿಕ್ಕಿತು. ಮೋಸದ ಉದ್ದೇಶವಿರಲಿಲ್ಲವೆಂದು ಕ್ರೀಡಾ ನ್ಯಾಯಮಂಡಳಿ ಒಪ್ಪಿಯೂ ನಿಷೇಧ ಹೇರಿತು. ಆ ಜಿರೊದ ಐದು ಹಂತಗಳ ಗೆಲುವೂ ಹೋಯಿತು. 2017ರ ವುಯೆಲ್ಟಾ ಸೈಕಲ್ ಪಂದ್ಯದಲ್ಲಿ ಬ್ರಿಟನ್‌ನ ಕ್ರಿಸ್ ಫ್ರೂಮ್ ಅವರ ಮೂತ್ರದಲ್ಲಿ 2000 ನ್ಯಾನೊಗ್ರಾಂ ಕಂಡಿತು. ಮೂತ್ರದ ಗಟ್ಟಿತನವನ್ನು ಲೆಕ್ಕ ಹಿಡಿದಾಗ ಅದು 1429ಕ್ಕೆ ಇಳಿಯಿತು, ಮಿತಿಯೊಳಗೆ ಸೇದಿದ್ದರೂ ಇಷ್ಟು ಬರಬಹುದೆಂದು ವಾಡಾ ಒಪ್ಪಿತು, 2018ರ ಜುಲೈನಲ್ಲಿ ಪ್ರಕರಣ ಮುಗಿಯಿತು. ಫ್ರೂಮ್‌ಗೆ ಸಿಕ್ಕಿದ್ದು ನ್ಯಾಯವೇ. ಅದೇ ಲೆಕ್ಕವನ್ನು ಹಿಡಿದು ಪೆಟಾಕಿಯ ತೀರ್ಪನ್ನೂ ಮತ್ತೆ ನೋಡಬೇಕಿತ್ತು.