ಮಾಗಿಯ ಚಳಿಯಲ್ಲಿ ಹೈಬ್ರಿಡ್ ಕಾರು

ಪುಷ್ಯಮಾಸದ ಮುಂಜಾವು. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಕಬ್ಬಿನ ಹೊಲಗಳ ಮೇಲೆ ಮಂಜು ಮುಸುಕಿದೆ. ಘಟಪ್ರಭೆಯ ದಂಡೆಯ ಊರುಗಳಲ್ಲಿ ಜನರು ಕಂಬಳಿ ಹೊದ್ದು ಬೆಂಕಿಯ ಸುತ್ತ ಕುಳಿತಿದ್ದಾರೆ. ರಾತ್ರಿಯ ಉಷ್ಣಾಂಶ ಹತ್ತು ಹನ್ನೆರಡು ಡಿಗ್ರಿಗೆ ಇಳಿದಿದೆ. ಹಿಮ ಬೀಳುವ ನಾಡಿನವರು ಇದನ್ನು ಚಳಿಯೆಂದು ಒಪ್ಪಲಿಕ್ಕಿಲ್ಲ. ಆದರೆ ಬೇಸಗೆಯಲ್ಲಿ ನಲವತ್ತು ಡಿಗ್ರಿಯ ಬಿಸಿಲುಂಡ ಮೈಗೆ ಇಷ್ಟೇ ಸಾಕು. ಮನುಷ್ಯನ ಮೈಗೆ ಮಾತ್ರವಲ್ಲ, ಅಂಗಳದಲ್ಲಿ ನಿಂತ ಕಾರಿಗೂ ಸಾಕು.

ಇಂಥ ಊರೊಂದರ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಕೂಡಿಟ್ಟ ಹಣವನ್ನೆಲ್ಲ ಸುರಿದು, ಸಾಲದುದಕ್ಕೆ ಬ್ಯಾಂಕಿನ ಸಾಲ ತೆಗೆದು, ಪೆಟ್ರೋಲು ಉಳಿಯುವುದೆಂಬ ಭರವಸೆಯಿಂದ ಮನೆಯ ಯಜಮಾನರು ಹೈಬ್ರಿಡ್ ಕಾರು ಕೊಂಡಿದ್ದಾರೆ. ಬೇಸಗೆಯಲ್ಲಿ ಅದು ಸದ್ದಿಲ್ಲದೆ ಬಾಗಿಲಿನಿಂದ ಹೊರಡುತ್ತಿತ್ತು. ನೆರೆಯವರು ಬೆರಗಾಗಿ ನೋಡುತ್ತಿದ್ದರು. ಈಗ ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಇಂಜಿನ್ನು ಗುರ್ರೆನ್ನುತ್ತದೆ. ಲೀಟರಿಗೆ ಇಪ್ಪತ್ತಕ್ಕೂ ಮೇಲೆ ತೋರಿಸುತ್ತಿದ್ದ ಅಂಕಿ ಹದಿನೈದಕ್ಕೆ ಇಳಿದಿದೆ. “ಏನ್ರಿ, ಗಾಡಿ ಕೆಟ್ಟೈತೇನು? ಬ್ಯಾಟರಿ ಮ್ಯಾಲ ನಡಿಯೂ ಗಾಡಿ ಅಂತ ಇಷ್ಟ ರೊಕ್ಕಾ ಸುರದ್ರಿ!” ಎಂದು ಮನೆಯಾಕೆ ಕೇಳಿದರೆ ಯಜಮಾನರಲ್ಲಿ ಉತ್ತರವಿಲ್ಲ.

ಗಾಡಿ ಕೆಟ್ಟಿಲ್ಲ. ಅದು ಚಳಿ ಕಾಯಿಸಿಕೊಳ್ಳುತ್ತಿದೆ, ಅಷ್ಟೆ.

ಹೈಬ್ರಿಡ್ ಕಾರಿಗೆ ಎರಡು ಬಲಗಳುಂಟು. ಒಂದು ಪೆಟ್ರೋಲ್ ಇಂಜಿನ್ನು, ಇನ್ನೊಂದು ವಿದ್ಯುತ್ ಮೋಟಾರು. ಜಪಾನಿನಲ್ಲಿ 1997ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಈ ಬಗೆಯ ಕಾರುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲನೆಯದು. ಕನ್ನಡನಾಡಿಗೂ ಇದರ ನಂಟು ಬೆಳೆದಿದೆ: ರಾಮನಗರದ ಬಳಿಯ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಹೈಬ್ರಿಡ್ ಕ್ಯಾಮ್ರಿ ತಯಾರಾಯಿತು, 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಬಂದವು. ಇವುಗಳನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕಾಗಿಲ್ಲ. ಬ್ರೇಕು ಒತ್ತಿದಾಗ ವ್ಯರ್ಥವಾಗಿ ಹೋಗುತ್ತಿದ್ದ ವೇಗವನ್ನೇ ಮೋಟಾರು ವಿದ್ಯುತ್ತಾಗಿ ಮಾರ್ಪಡಿಸಿ ಬ್ಯಾಟರಿಗೆ ತುಂಬುತ್ತದೆ. ಗೋಕಾಕದವರಿಗೆ ಈ ಮಾತು ಬೇಗ ತಿಳಿದೀತು. 52 ಮೀಟರ್ ಎತ್ತರದಿಂದ ಧುಮುಕುವ ನೀರಿನ ಬಲವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ನೂಲಿನ ಗಿರಣಿಗೆ ದುಡಿಸಿದ ಊರದು.

ಆದರೆ ಈ ಬ್ಯಾಟರಿ ಬಹು ಚಿಕ್ಕದು. ಹೈರೈಡರ್ ಕಾರಿನ ಬ್ಯಾಟರಿಯಲ್ಲಿ ಹಿಡಿಯುವುದು ಮನೆಯ ಬಿಲ್ಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಯೂನಿಟ್ಟು ಮಾತ್ರ. 1969ರಲ್ಲಿ ಹುಟ್ಟಿದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ತಿಂಗಳು ತಿಂಗಳು ಬಿಲ್ಲು ಕಟ್ಟಿ ಬಲ್ಲ ಹುಕ್ಕೇರಿಯವರಿಗೆ ಮುಕ್ಕಾಲು ಯೂನಿಟ್ಟೆಂದರೆ ಎಷ್ಟೆಂದು ಹೇಳಬೇಕಾಗಿಲ್ಲ. ‘ಬ್ಯಾಟರಿಯ ಮೇಲೆ ನಡೆಯುವ ಗಾಡಿ’ ಎಂಬ ತಿಳಿವಳಿಕೆಯೇ ಅರ್ಧ ತಪ್ಪು. ಅದು ಪೆಟ್ರೋಲಿನ ಗಾಡಿಯೇ. ಪೆಟ್ರೋಲನ್ನು ಜಾಣತನದಿಂದ ಖರ್ಚು ಮಾಡುವ ಗಾಡಿ.

ಚಳಿಯಲ್ಲಿ ಆ ಜಾಣತನಕ್ಕೆ ಅಡ್ಡಿ ಬರುತ್ತದೆ. ಮಾಗಿಯಲ್ಲಿ ತುಪ್ಪ ಗಟ್ಟಿಯಾಗುವಂತೆ, ಜೋನಿಬೆಲ್ಲ ಪಾತ್ರೆಯಿಂದ ಇಳಿಯಲು ತಡಮಾಡುವಂತೆ, ಇಂಜಿನ್ನಿನ ಎಣ್ಣೆಯೂ ಮಂದವಾಗುತ್ತದೆ. ಹೊಗೆಯ ವಿಷವನ್ನು ತಗ್ಗಿಸಲು ಕೊಳವೆಯಲ್ಲಿ ಕೂಡಿಸಿದ ಕೆಟಾಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆ ಸುಮಾರು 250ರಿಂದ 300 ಡಿಗ್ರಿ ಕಾಯ್ದ ಮೇಲೆಯೇ ಸರಿಯಾಗಿ ಕೆಲಸಕ್ಕೆ ತೊಡಗುತ್ತದೆ. ಒಳಗೆ ಕುಳಿತವರು ಬಿಸಿಗಾಳಿ ಬೇಕೆಂದರೆ ಅದಕ್ಕೂ ಇಂಜಿನ್ನಿನ ಬಿಸಿನೀರೇ ಆಧಾರ. ಇಷ್ಟನ್ನೆಲ್ಲ ಲೆಕ್ಕ ಹಾಕಿ ಕಾರಿನ ಕಂಪ್ಯೂಟರು ಇಂಜಿನ್ನನ್ನು ಎಬ್ಬಿಸುತ್ತದೆ. ಕಾಯುವ ತನಕ ಮಲಗಗೊಡುವುದಿಲ್ಲ. ಬ್ಯಾಟರಿಯ ಒಳಗೂ ರಾಸಾಯನಿಕ ಕ್ರಿಯೆ ನಿಧಾನವಾಗಿ ಪ್ರತಿರೋಧ ಹೆಚ್ಚುವುದರಿಂದ, ಅದು ಕೊಡುವ ಬಲವೂ ಬ್ರೇಕಿನಿಂದ ತುಂಬಿಕೊಳ್ಳುವ ಬಲವೂ ಕುಗ್ಗುತ್ತವೆ. ಆದರೆ ಹತ್ತು ಡಿಗ್ರಿಯ ಚಳಿಯಲ್ಲಿ ಈ ಕುಗ್ಗು ಅಲ್ಪ. ಸೊನ್ನೆಗಿಂತ ಕೆಳಗಿಳಿಯುವ ಲಡಾಖಿನಂಥ ಕಡೆಗಳಲ್ಲಿ ಅದು ದೊಡ್ಡ ಮಾತು.

ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕ ಕುತೂಹಲಕರವಾಗಿದೆ. ಉಷ್ಣಾಂಶ 25 ಡಿಗ್ರಿಯಿಂದ ಸೊನ್ನೆಗಿಂತ 7 ಡಿಗ್ರಿ ಕೆಳಗೆ ಇಳಿದರೆ, ಪಟ್ಟಣದ ಓಡಾಟದಲ್ಲಿ ಸಾಧಾರಣ ಪೆಟ್ರೋಲ್ ಕಾರಿನ ಮೈಲೇಜು ಸುಮಾರು ಶೇಕಡಾ 15ರಷ್ಟು ಕುಸಿಯುತ್ತದೆ. ಹೈಬ್ರಿಡ್ ಕಾರಿನದು ಶೇಕಡಾ 30ರಿಂದ 34ರಷ್ಟು. ಹೆಚ್ಚು ಉಳಿಸುವ ಗಾಡಿಯೇ ಚಳಿಯಲ್ಲಿ ಹೆಚ್ಚು ಕಳೆದುಕೊಳ್ಳುತ್ತದೆ! ಇಂಜಿನ್ನು ಮಲಗಿರುವುದರಿಂದಲೇ ಅದರ ಉಳಿತಾಯ, ಮಲಗದಿದ್ದರೆ ಉಳಿತಾಯವೆಲ್ಲಿಂದ? ಬೆಳಗಾವಿ ಸೀಮೆಯಲ್ಲಿ ಅಂಥ ಹಿಮಗಾಲವಿಲ್ಲವಾದ್ದರಿಂದ ಅಷ್ಟು ನಷ್ಟವೂ ಇಲ್ಲ. ಇಲ್ಲಿ ನಿಜವಾಗಿ ಪೆಟ್ರೋಲು ಕುಡಿಯುವುದು ತುಂಡು ತುಂಡು ಓಡಾಟ. ಬೆಳಗ್ಗೆ ಶಾಲೆಗೆ ಎರಡು ಕಿಲೋಮೀಟರು, ಮರಳಿ ಮನೆ, ಗಾಡಿ ತಣ್ಣಗಾದ ಮೇಲೆ ಪೇಟೆಗೆ ಮತ್ತೆರಡು. ಪ್ರತಿ ಸಲವೂ ಇಂಜಿನ್ನು ಕಾಯುವಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತದೆ. ಅದೇ ಗಾಡಿ ಹುಕ್ಕೇರಿಯಿಂದ ಘಟಪ್ರಭಾ ದಾಟಿ ಗೋಕಾಕಕ್ಕೆ, ಅಲ್ಲಿಂದ ಮೂಡಲಗಿಗೆ ಹೋಗಿ ಬರಲಿ. ಮೊದಲ ಕೆಲವು ನಿಮಿಷದ ನಷ್ಟ ದಾರಿಯಲ್ಲಿ ಕರಗಿಹೋಗುತ್ತದೆ.

ತಯಾರಕರೂ ಈ ಕಷ್ಟವನ್ನು ಅರಿಯದವರಲ್ಲ. 2003ರಲ್ಲಿ ಹೊರಬಂದ ಎರಡನೆಯ ತಲೆಮಾರಿನ ಪ್ರಿಯಸ್ ಅಮೆರಿಕಕ್ಕೆ ಹೋದಾಗ ಅದರೊಳಗೆ ಒಂದು ಥರ್ಮಾಸ್ ಫ್ಲಾಸ್ಕನ್ನೇ ಇರಿಸಿದ್ದರು. ಓಡಾಟ ಮುಗಿದೊಡನೆ ಸುಮಾರು ಮೂರು ಲೀಟರ್ ಬಿಸಿ ದ್ರವವನ್ನು ಅದರಲ್ಲಿ ಕಾದಿಟ್ಟು, ಮರುದಿನ ಗಾಡಿ ಹೊರಡುವ ಮುನ್ನ ಇಂಜಿನ್ನಿಗೆ ಹರಿಸುವ ಏರ್ಪಾಡು. ಪ್ರವಾಸಕ್ಕೆ ಚಹಾ ತುಂಬಿಕೊಳ್ಳುವ ಗೃಹಿಣಿಯ ಯುಕ್ತಿಗೂ ಇದಕ್ಕೂ ಭೇದವೇನೂ ಇಲ್ಲ. 2009ರ ಮಾದರಿಯಲ್ಲಿ ಫ್ಲಾಸ್ಕು ಹೋಗಿ, ಹೊಗೆಯ ಬಿಸಿಯನ್ನೇ ಹಿಡಿದು ಬಳಸುವ ಉಪಾಯ ಬಂದಿತು.

ಮನೆಮಂದಿ ಅರಿತಿರಬೇಕಾದ, ಮೈಲೇಜಿಗಿಂತ ಬಹಳ ದೊಡ್ಡದಾದ ಸಂಗತಿ ಬೇರೆ ಇದೆ. ಚಳಿಗೆಂದು ಗಾಡಿಯನ್ನು ಮುಚ್ಚಿದ ಗ್ಯಾರೇಜಿನಲ್ಲಿ ನಿಲ್ಲಿಸಿ ಬಾಗಿಲೆಳೆದುಕೊಳ್ಳುವುದುಂಟು. ಹೈಬ್ರಿಡ್ ಕಾರು ಮೌನವಾಗಿ ನಿಂತಾಗ ಅದು ಆರಿದೆಯೋ ಸಿದ್ಧವಾಗಿ ಕಾದಿದೆಯೋ ಕಿವಿಗೆ ತಿಳಿಯುವುದಿಲ್ಲ. ಗುಂಡಿ ಒತ್ತಿ ಆರಿಸಲು ಮರೆತರೆ, ಸ್ವಲ್ಪ ಹೊತ್ತಿನಲ್ಲಿ ಇಂಜಿನ್ನು ತಾನಾಗಿ ಎದ್ದು ಹೊಗೆ ಬಿಡತೊಡಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಕೀಲಿ ತಿರುವದೆ ಗುಂಡಿಯಿಂದ ನಡೆಯುವ ಕಾರುಗಳನ್ನು ಹೀಗೆ ಮರೆತು, ಅಮೆರಿಕದಲ್ಲಿ 2006ರಿಂದೀಚೆಗೆ ಎರಡು ಡಜನ್ನಿಗೂ ಹೆಚ್ಚು ಮಂದಿ ಸತ್ತಿದ್ದರೆಂದು 2018ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ವರದಿ ಮಾಡಿತು. ಬೆಳಗ್ಗೆ ಮುಚ್ಚಿದ ಕೊಟ್ಟಿಗೆಯಲ್ಲಿ ಗಾಡಿಯನ್ನು ನಿಲ್ಲಿಸಿಯೇ ಕಾಯಿಸುವ ಹಳೆಯ ವಾಡಿಕೆಯೂ ಬೇಡ. ಹೊರಗೆ ತಂದು, ಮೊದಲ ಒಂದೆರಡು ಕಿಲೋಮೀಟರು ಮೆಲ್ಲನೆ ಓಡಿಸಿದರೆ ಬೇಗ ಕಾಯುತ್ತದೆ.

ಮಂಜು ಮುಸುಕಿದ ಗಾಜಿಗೂ ಒಂದು ಉಪಾಯವುಂಟು. ಇನ್ನೂ ಬಿಸಿಯೇರದ ಹೀಟರಿಗಾಗಿ ಕಾಯುವ ಬದಲು ಎ.ಸಿ. ಹಾಕಬೇಕು, ಅದು ಒಳಗಿನ ಗಾಳಿಯ ತೇವವನ್ನು ಹೀರಿ ಗಾಜನ್ನು ತಿಳಿಗೊಳಿಸುತ್ತದೆ. ಈ ಕಾರುಗಳ ಎ.ಸಿ. ವಿದ್ಯುತ್ತಿನಿಂದಲೇ ನಡೆಯುವುದರಿಂದ ಇಂಜಿನ್ನಿನ ಬಿಸಿಗೆ ಕಾಯಬೇಕಾಗಿಲ್ಲ. ಹಿಂದೀಪವಿಲ್ಲದ ಕಬ್ಬಿನ ಬಂಡಿಗಳು ಕತ್ತಲಲ್ಲೇ ಸಾಗುವ ಹಂಗಾಮಿನಲ್ಲಿ ಗಾಜು ತಿಳಿಯಾಗಿರುವುದು ಸಣ್ಣ ಮಾತಲ್ಲ. ಗಾಲಿಯ ಹವೆಯನ್ನೂ ಮುಂಜಾನೆ ತಣ್ಣಗಿರುವಾಗಲೇ ನೋಡಬೇಕು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಹವೆ ಒಂದು ಪೌಂಡಿನಷ್ಟು ಇಳಿಯುತ್ತದೆ.

ಇನ್ನು, ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲಸಿದ ಮಕ್ಕಳು ಊರಮನೆಯಲ್ಲಿ ಬಿಟ್ಟುಹೋದ ಗಾಡಿಯ ಪಾಡು. ವಾರಗಟ್ಟಲೆ ನಿಂತ ಹೈಬ್ರಿಡ್ ಕಾರು ಒಂದು ದಿನ ಗುಂಡಿ ಒತ್ತಿದರೂ ಮಿಸುಕುವುದಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಬೇಕಾದಷ್ಟು ಬಲವಿರುತ್ತದೆ. ಆದರೆ ಕಂಪ್ಯೂಟರುಗಳನ್ನು ಎಬ್ಬಿಸಬೇಕಾದ 12 ವೋಲ್ಟಿನ ಚಿಕ್ಕ ಬ್ಯಾಟರಿ ಬರಿದಾಗಿರುತ್ತದೆ. ಭಂಡಾರ ತುಂಬಿದ್ದರೂ ಕೀಲಿಕೈ ಕಳೆದಂತೆ! ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಯಾರಿಗಾದರೂ ಹೇಳಿಹೋಗುವುದು ಒಳ್ಳೆಯದು.

ದೊಡ್ಡ ಬ್ಯಾಟರಿಗೆ ಈ ಸೀಮೆಯ ಚಳಿಯಿಂದ ಆಯುಷ್ಯ ಕಡಿಮೆಯಾಗುವ ಭಯವಿಲ್ಲ. ಅದಕ್ಕೆ ಕಂಟಕ ಮಾಗಿಯಲ್ಲ, ಚೈತ್ರ–ವೈಶಾಖದ ಬಿಸಿಲು. ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಕಾರಿನೊಳಗಿನ ಒಂದು ಸಣ್ಣ ಜಾಲರಿಯ ಮೂಲಕ ಹೋಗುತ್ತದೆ. ಈಗ ಚಳಿಗೆಂದು ಸೀಟಿನ ಮೇಲೆ ಹಾಸಿದ ಕಂಬಳಿಯ ಅಂಚು ಆ ಜಾಲರಿಯನ್ನು ಮುಚ್ಚಿದ್ದರೆ, ಬೇಸಗೆ ಬರುವ ಮುನ್ನ ತೆಗೆದಿಡಬೇಕು.